ಪಾದ್ರಿದೊಣೆಯ ಎರಡನೆಯ ಸಾಕ್ಷಿ

ಜುಲೈ 1, ಮಂಗಳವಾರ. ಹೋಲ್ಟ್‌ವಿಲ್

ನೀರಿನ ಕ್ಯಾನುಗಳನ್ನು ಹೆಪ್ಪುಗಟ್ಟಿಸಲು ಫ್ರೀಜರಿನಲ್ಲಿ ಜಾಗ ಸಾಲಲಿಲ್ಲವೆಂದು ನನ್ನ ಟಮಾಲೆ ಕಡುಬುಗಳನ್ನೆಲ್ಲ ಗಂಡ ವೆಂಡೆಲ್ ತೆಗೆದು ಹೊರಗಿಟ್ಟಿದ್ದಾನೆ. ಕೇಳಿದರೆ, "ಬೆಟ್ಟದಲ್ಲಿ ಟಮಾಲೆ ಕುಡೀತೀಯಾ?" ಎಂದ. ಕುಡಿಯುವುದಿಲ್ಲ, ನಿಜ. ಒಂದು ಮಾತು ಹೇಳಿ ತೆಗೆಯಬಹುದಿತ್ತಲ್ಲ. ಕರಗಿ ಹಾಳಾಗುವ ಮೊದಲು ಅಕ್ಕಪಕ್ಕದವರಿಗೆ ಹಂಚಿ ಬಂದೆ. ಇಪ್ಪತ್ತೆಂಟು ಇದ್ದವು.

ಜುಲೈ ಮೊದಲ ವಾರ ಬಂತೆಂದರೆ ಈ ಕಣಿವೆಯ ಜನ ಸಮುದ್ರದ ಕಡೆ ಓಡುತ್ತಾರೆ. ನಾವು ಮಾತ್ರ ಪಿಕಾಚೊ ಸೆಕೊ ಉದ್ಯಾನದ ಬೋಳುಬೆಟ್ಟ ಹತ್ತಿ ಕಾಡುಕುರಿ ಎಣಿಸುತ್ತೇವೆ. ಬಿಸಿಲು ಏರಿದಷ್ಟೂ ಕುರಿಗಳು ನೀರಿಗೆ ಬರಲೇಬೇಕಂತೆ, ಬಂದಾಗ ಎಣಿಸುವುದು ಸುಲಭವಂತೆ. ಸುಲಭ ಯಾರಿಗೆ ಎಂದು ನಾನು ಕೇಳಿಲ್ಲ. ವೆಂಡೆಲ್‌ಗೆ ಇದು ಇಪ್ಪತ್ತಾರನೆಯ ಬೇಸಿಗೆ. ಇಪ್ಪತ್ತು ಲೊರೀನ್ ಜೊತೆ, ಮೂರು ಯಾರ್ಯಾರದೋ ಜೊತೆ, ಇದೂ ಸೇರಿ ಮೂರು ನನ್ನ ಜೊತೆ.

ಲೊರೀನ್ ಅವನ ಮೊದಲ ಹೆಂಡತಿ. ತೀರಿಕೊಂಡು ಆರು ವರ್ಷವಾಯಿತು. ಈ ಮನೆ ಅವಳದು, ಪರದೆ ಅವಳದು, ಬೀರುವಿನ ಅರ್ಧ ಇನ್ನೂ ಅವಳದೇ. ಬದುಕಿರುವ ಸವತಿಯಾದರೆ ಜುಟ್ಟು ಹಿಡಿದು ಜಗಳವಾಡಬಹುದು. ಇವಳ ಜೊತೆ ಏನು ಮಾಡಲಿ?

ಬ್ರಾಲಿಯಲ್ಲಿರುವ ನನ್ನ ಅಮ್ಮನ ಮನೆಯನ್ನು ಬಾಡಿಗೆಗಿದ್ದ ಚಾವೆಸ್ ಖಾಲಿ ಮಾಡುತ್ತಿದ್ದಾನೆ. ಮುಂದಿನ ಬುಧವಾರ ಕೀಲಿ ಕೊಡುತ್ತಾನೆ. ನಾನು ಅಲ್ಲಿಗೆ ಹೋಗಿಬಿಡುವುದೆಂದು ತೀರ್ಮಾನಿಸಿದ್ದೇನೆ. ವೆಂಡೆಲ್‌ಗೆ ಇನ್ನೂ ಹೇಳಿಲ್ಲ. ಎಣಿಕೆ ಮುಗಿಯಲಿ, ಆಮೇಲೆ ಹೇಳುತ್ತೇನೆ. ಬೈಯುವವನಲ್ಲ, ಕುಡಿಯುವವನಲ್ಲ, ದುಡಿದು ನಿವೃತ್ತನಾದ ಮರ್ಯಾದಸ್ಥ. ನಾಲ್ಕು ವರ್ಷದಿಂದ ನನ್ನನ್ನು ನೋಡಿಯೇ ಇಲ್ಲ, ಅಷ್ಟೇ. ಇದನ್ನು ಯಾರ ಹತ್ತಿರ ಹೇಳಿಕೊಂಡರೂ ನಗುತ್ತಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಜುಲೈ 3, ಗುರುವಾರ. ಪಾದ್ರಿದೊಣೆ

ಬೆಳಿಗ್ಗೆ ಐದಕ್ಕೆ ಉದ್ಯಾನದ ಕಚೇರಿ ಮುಂದೆ ಎಲ್ಲರೂ ಸೇರಿದೆವು. ಎಣಿಕೆಯ ಯಜಮಾನಿಕೆ ಗ್ವೆನ್ ಹಾಲ್ಕಂಬ್‌ಳದು. ಎಪ್ಪತ್ತು ದಾಟಿದ ಹೆಂಗಸು, ಬಾಯಿ ಮಾತ್ರ ಇಪ್ಪತ್ತರದು. ವರ್ಷ ವರ್ಷ ಹೇಳುವುದನ್ನೇ ಹೇಳಿದಳು. ಒಂದೊಂದು ನೀರಿನ ಜಾಗಕ್ಕೆ ಇಬ್ಬರು. ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಬರೆಯಬೇಕು. ಹಗಲು ನೀರಿನ ಬಳಿ ಮಾತಿಲ್ಲ. ಸಂಜೆ ಎರಡೂ ಹಾಳೆ ತಾಳೆ ನೋಡಿ, ಇಬ್ಬರೂ ಒಪ್ಪಿದ್ದನ್ನು ದೊಡ್ಡ ಹಾಳೆಗೆ ಏರಿಸಬೇಕು. ಲೆಕ್ಕ ಬೇರೆಯಾದರೆ ಕಡಿಮೆಯದೇ ಲೆಕ್ಕ. ಒಬ್ಬರೇ ಕಂಡದ್ದನ್ನು ಬೇರೆ ಸಾಲಿನಲ್ಲಿ ಬರೆಯಬಹುದು, ಎರಡನೆಯ ಸಾಕ್ಷಿಯ ಸಹಿ ಬೀಳದೆ ಮೊತ್ತಕ್ಕೆ ಸೇರುವುದಿಲ್ಲ. ಇನ್ನು ಕಾಣದ್ದನ್ನು ಕಂಡೆನೆಂದು ಬರೆದವರಿಗೆ ಮುಂದೆಂದೂ ಜಾಗವಿಲ್ಲ.

ಹೋದ ವರ್ಷ ಒಬ್ಬ ಹಲ್ಲಿನ ಡಾಕ್ಟರು ಮರದ ನೆರಳಲ್ಲಿ ಮಲಗಿದ್ದು ಮೂರು ಟಗರು ಬರೆದು ಸಿಕ್ಕಿಬಿದ್ದ. ಗ್ವೆನ್ ಹೋಗಲಿ ಎಂದು ಬಿಡುವವಳಿದ್ದಳು. ಹೊರಗೆ ಹಾಕಲೇಬೇಕೆಂದು ಎದ್ದುನಿಂತು ಕೂಗಿದವನು ನಮ್ಮ ವೆಂಡೆಲ್. ಮೂವತ್ತೊಂದು ವರ್ಷ ಕಾಲುವೆಯ ನೀರಗಂಟಿಯಾಗಿದ್ದವನು, ಒಂದು ಅಂಗುಲ ನೀರು ಯಾರಿಗೂ ಹೆಚ್ಚು ಬಿಟ್ಟವನಲ್ಲ, ಕಡಿಮೆ ಬಿಟ್ಟವನೂ ಅಲ್ಲ.

ಬೆನ್ನ ಮೇಲೆ ನೀರು ಹೊತ್ತು ಮೂರು ಗಂಟೆ ಹತ್ತಿದೆವು. ದಾರಿಯುದ್ದಕ್ಕೂ ಅವನು ಮುಂದೆ, ನಾನು ಹಿಂದೆ. ಅವನ ಬೆನ್ನಿನ ಗಂಟಿಗೆ ಲೊರೀನಳ ಹಳದಿ ತಟ್ಟೆ ನೇತುಹಾಕಿತ್ತು. ಟಣ್ ಟಣ್ ಎಂದು ಮೂರು ಗಂಟೆ ಕೇಳಿದೆ.

ದೊಣೆ ಹೋದ ವರ್ಷದಂತೆಯೇ ಇದೆ. ಬಂಡೆಯ ಹೊಟ್ಟೆಯಲ್ಲಿ ಒಂದು ಕೋಣೆಯಷ್ಟು ಹಸಿರು ನೀರು, ಸುತ್ತ ಜೇನುನೊಣ. ಎದುರಿನ ದಿಬ್ಬದ ಮೇಲೆ ಬಂಡೆಗಳ ನಡುವೆ ಬಟ್ಟೆ ಕಟ್ಟಿ ಎರಡು ಕುರ್ಚಿ ಹಾಕಿದ. ಮಧ್ಯೆ ಮೂರು ಕಾಲಿನ ದುರ್ಬೀನು. ಹೋಗುವಾಗ ಒಂದು ಮಾತು, ಮಲಗುವಾಗ ಒಂದು ಮಾತು, ಅಷ್ಟೇ ಈ ದಿನದ ಮಾತುಕತೆ. ಮಾತಾಡಬಾರದು ಎಂಬ ನಿಯಮ ಯಾರಿಗೋ ಕಷ್ಟವಿರಬಹುದು, ನಮ್ಮ ಮನೆಯಲ್ಲಿ ಅಭ್ಯಾಸವಾಗಿದೆ. ಬರೆಯಬಾರದು ಎಂಬ ನಿಯಮವಿಲ್ಲ. ನಾನು ಕುರಿಗಳ ಬಗ್ಗೆ ಟಿಪ್ಪಣಿ ಮಾಡುತ್ತಿದ್ದೇನೆಂದು ಅವನು ತಿಳಿದುಕೊಂಡಿದ್ದಾನೆ.

ಜುಲೈ 4, ಶುಕ್ರವಾರ

ದೇಶಕ್ಕೆಲ್ಲ ಸ್ವಾತಂತ್ರ್ಯದ ಹಬ್ಬ. ನಮಗೆ ನೂರಾ ಹದಿಮೂರು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಒದ್ದೆ ಟವೆಲ್ಲು ತಲೆಗೆ ಹಾಕಿಕೊಂಡರೆ ಹತ್ತು ನಿಮಿಷಕ್ಕೆ ಹಪ್ಪಳ.

ಬೆಳಿಗ್ಗೆ ಎಂಟಕ್ಕೆ ಮೊದಲ ಗುಂಪು ಇಳಿಯಿತು. ಎಲ್ಲವೂ ಒಂದೇ ಬಣ್ಣ, ಒಂದೇ ಮುಖ. ವೆಂಡೆಲ್ ಇವುಗಳಲ್ಲಿ ಹೇಗೆ ಬೇರೆ ಬೇರೆ ಮಾಡುತ್ತಾನೋ. ಅವನ ತೊಡೆಯ ಮೇಲೆ ಲೊರೀನಳ ಪುಸ್ತಕ. ಒಂದೊಂದು ಹೆಣ್ಣುಕುರಿಯ ಕೊಂಬನ್ನೂ ಅದರಲ್ಲಿ ಪೆನ್ಸಿಲಿನಲ್ಲಿ ಬಿಡಿಸಿದ್ದಾಳೆ, ಪಕ್ಕದಲ್ಲಿ ತನ್ನ ಚರ್ಚಿನ ಹೆಂಗಸರ ಹೆಸರಿಟ್ಟಿದ್ದಾಳೆ. ಮೂಗು ಮೇಲೆತ್ತಿ ನಡೆಯುವುದಕ್ಕೆ ಪಾದ್ರಿಯ ಹೆಂಡತಿಯ ಹೆಸರು. ಎಲ್ಲರೂ ಕುಡಿದಾದ ಮೇಲೆ ತಡವಾಗಿ ಬಂದು ಎಲ್ಲರನ್ನೂ ತಳ್ಳುವುದಕ್ಕೆ ಮಿಸೆಸ್ ಪ್ರೂಯಿಟ್. ಚೆನ್ನಾಗಿ ಬಿಡಿಸುತ್ತಿದ್ದಳು, ಹಾಸ್ಯವೂ ಇತ್ತು. ಇವಳು ಬದುಕಿದ್ದರೆ ನನಗೆ ಸ್ನೇಹಿತೆಯಾಗುತ್ತಿದ್ದಳೇನೋ. ಬದುಕಿದ್ದರೆ ನಾನು ಇಲ್ಲಿ ಇರುತ್ತಲೂ ಇರಲಿಲ್ಲ.

ಪುಸ್ತಕದಲ್ಲಿ ಮೂವತ್ತನಾಲ್ಕು ಹೆಸರಿವೆ. ಒಂದೊಂದೇ ಸತ್ತ ಹಾಗೆ ವೆಂಡೆಲ್ ಮೂಲೆಯಲ್ಲಿ ಸಣ್ಣ ಶಿಲುಬೆ ಹಾಕುತ್ತಾ ಬಂದಿದ್ದಾನೆ. ಶಿಲುಬೆ ಇಲ್ಲದ ಪುಟ ಈಗ ಒಂದೇ, ಎಡಗೊಂಬು ಅರ್ಧಕ್ಕೆ ಮುರಿದ ಮಿಸೆಸ್ ಪ್ರೂಯಿಟ್. ಹೋದ ವರ್ಷ ಬಂದಿದ್ದಳು. ಈ ವರ್ಷ ಇನ್ನೂ ಬಂದಿಲ್ಲ.

ಸಂಜೆ

ಹಾಳೆ ತಾಳೆ ನೋಡಲು ಕುಳಿತಾಗ ಜಗಳವಾಯಿತು. ಅವನ ಹಾಳೆಯಲ್ಲಿ ಮಧ್ಯಾಹ್ನದ ಗುಂಪಿಗೆ ಒಂಬತ್ತು ಹೆಣ್ಣು, ಎರಡು ಮರಿ. ನನ್ನದರಲ್ಲಿ ಏಳು ಹೆಣ್ಣು, ಮೂರು ಮರಿ. ಎರಡು ಕುರಿ ನೀರು ಕುಡಿದು ಬಂಡೆಯ ಹಿಂದೆ ಹೋಗಿ, ಆ ಕಡೆಯಿಂದ ಸುತ್ತಿ ಮತ್ತೆ ಬಂದವು, ಅದನ್ನೇ ನೀನು ಹೊಸದೆಂದು ಬರೆದಿದ್ದೀಯ ಎಂದೆ. ಒಂದರ ಕಿವಿ ಹರಿದಿತ್ತು, ಇನ್ನೊಂದರ ಮಂಡಿಯ ಹತ್ತಿರ ಸುಣ್ಣ ಬಳಿದಂತೆ ಬಿಳಿ ಇತ್ತು.

"ಇದು ನಿನ್ನ ಸ್ಕೂಲ್ ಕ್ಯಾಂಟೀನ್ ಅಲ್ಲ ಕಣೇ," ಎಂದ.

"ಅಲ್ಲ, ಗೊತ್ತು. ಅಲ್ಲಾದ್ರೆ ಎರಡನೇ ಸಲ ತಟ್ಟೆ ಹಿಡ್ಕೊಂಡು ಬಂದೋರನ್ನ ಸಾಲಿಂದ ಎಳೆದು ನಿಲ್ಲಿಸ್ತಿದ್ದೆ."

ಇಪ್ಪತ್ತೇಳು ವರ್ಷ ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ನಾನೂರು ಮಕ್ಕಳಿಗೆ ಬಡಿಸಿದವಳು ನಾನು. ಟೋಪಿ ತಿರುಗಿಸಿ ಹಾಕಿಕೊಂಡು ಎರಡನೆಯ ಸಲ ಬಂದ ಮುಖ ನನಗೆ ತಪ್ಪುವುದಿಲ್ಲ. ಕಡಿಮೆಯದೇ ಲೆಕ್ಕ ಎಂಬ ನಿಯಮಕ್ಕೆ ಕಟ್ಟುಬಿದ್ದು ಏಳು ಎಂದು ಬರೆದ. ಮೂರನೆಯ ಮರಿಯನ್ನು ಮಾತ್ರ ಒಪ್ಪಲಿಲ್ಲ. ತಾನು ನೋಡಿಲ್ಲವಂತೆ, ಹಾಗಾಗಿ ಅದು ಇಲ್ಲವಂತೆ. ತಾಯಿಯ ಹೊಟ್ಟೆಯ ಕೆಳಗೇ ಅಂಟಿಕೊಂಡಿತ್ತು, ಬೆಕ್ಕಿನಷ್ಟು. ಚಿಗಟದ ಹಾಗೆ ಹಾರುತ್ತಿತ್ತು.

"ಲೊರೀನ್ ಆಗಿದ್ದಿದ್ರೆ," ಎಂದು ಶುರು ಮಾಡಿ ಬಾಯಿ ಮುಚ್ಚಿಕೊಂಡ. ಪೂರ್ತಿ ಹೇಳಿದ್ದರೂ ಇಷ್ಟು ನೋಯುತ್ತಿರಲಿಲ್ಲ. ನಾನು ಬೀನ್ಸ್ ಬಿಸಿ ಮಾಡಿ ಟಾರ್ಟಿಯಾ ರೊಟ್ಟಿಯಲ್ಲಿ ಸುತ್ತಿ ಕೊಟ್ಟೆ, ಹಳದಿ ತಟ್ಟೆಯಲ್ಲಿಟ್ಟುಕೊಂಡು ಆ ಕಡೆ ತಿರುಗಿ ತಿಂದ.

ಜುಲೈ 5, ಶನಿವಾರ

ನೂರಾ ಹದಿನಾರು.

ಬೆಳಿಗ್ಗೆಯಿಂದ ವೆಂಡೆಲ್ ಏನೂ ತಿಂದಿಲ್ಲ. ದುರ್ಬೀನಿನಿಂದ ಕಣ್ಣು ತೆಗೆದಿಲ್ಲ. ಮಾತಾಡಬಾರದೆಂದು ನನಗೆ ಬೆರಳು ತೋರಿಸುವವನು ತಾನೇ ಸಣ್ಣಗೆ, "ಬರ್ತಾಳೆ. ತಡವಾಗಿ ಬರೋದೇ ಅವಳ ಅಭ್ಯಾಸ," ಎಂದುಕೊಂಡ. ಆ ಧ್ವನಿ ನಾನು ಮದುವೆಯಾದ ಮೇಲೆ ಒಂದು ಸಲವೂ ಕೇಳಿಲ್ಲ. ಒಂದು ಕುರಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಐವತ್ತೆಂಟು ವಯಸ್ಸಾದ ಹೆಂಗಸಿಗೆ ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

ಹತ್ತೂಕಾಲಿಗೆ ಹರಿದ ಕಿವಿಯವಳ ಗುಂಪು, ಆರು. ಅವಳೇ ಮುಂದಾಳು, ಅವಳು ತಲೆ ತಗ್ಗಿಸುವವರೆಗೆ ಉಳಿದವು ನೀರು ಮುಟ್ಟುವುದಿಲ್ಲ. ಬಿಳಿಮಂಡಿಯವಳು ಕುಂಟುತ್ತಿದ್ದಾಳೆ, ನಿನ್ನೆ ಕುಂಟುತ್ತಿರಲಿಲ್ಲ. ನಿನ್ನೆಯ ಆ ಮೂರನೆಯ ಮರಿಯೂ ಬಂದಿತ್ತು; ಅದಕ್ಕೆ ಪುಲ್ಗಾ ಎಂದು ಹೆಸರಿಟ್ಟಿದ್ದೇನೆ, ಸ್ಪ್ಯಾನಿಷಿನಲ್ಲಿ ಚಿಗಟ. ನೀರಿಗೆ ಕಾಲಿಟ್ಟು ಹೆದರಿ ಹಿಂದಕ್ಕೆ ಹಾರಿತು, ಮತ್ತೆ ಇಟ್ಟಿತು. ಎಂಟು ಸಲ ಹಾಗೆ ಮಾಡಿತು. ತಾಯಿ ಸುಮ್ಮನೆ ನಿಂತಿದ್ದಳು. ಅವಳ ಬಲಗೊಂಬಿನ ತುದಿ ಹೊರಕ್ಕೆ ಬಾಗಿದೆ, ಪುಸ್ತಕದಲ್ಲಿ ಅವಳಿಲ್ಲ. ದೊಡ್ಡ ಟಗರೊಂದು ಮೇಲಿನ ಬಂಡೆಯ ಮೇಲೆ ಮಧ್ಯಾಹ್ನದವರೆಗೆ ಮಲಗಿತ್ತು, ಇಳಿಯಲಿಲ್ಲ.

ಮಧ್ಯಾಹ್ನದ ನಂತರ

 

ಎರಡು ಗಂಟೆಗೆ ಬಹಿರ್ದೆಸೆಗೆಂದು ದಿಬ್ಬದ ಹಿಂದಿನ ಕೊರಕಲಿಗೆ ಇಳಿದೆ. ಯಾವಾಗಲೂ ಹೋಗುವ ಜಾಗದಲ್ಲಿ ಹಾವು ಮಲಗಿತ್ತು, ಅದಕ್ಕೇ ಇನ್ನಷ್ಟು ಕೆಳಗೆ ಹೋದೆ. ಚಾಚಿಕೊಂಡ ಬಂಡೆಯ ಕೆಳಗೆ ನೆರಳಿನಲ್ಲಿ ಒಂದು ಕುರಿ ಸತ್ತು ಒಣಗಿದೆ. ಹಲವು ತಿಂಗಳಾಗಿರಬೇಕು, ಚರ್ಮ ಚಕ್ಕಳವಾಗಿದೆ, ವಾಸನೆಯೂ ಇಲ್ಲ. ಯಾವ ಮೃಗವೂ ಕಚ್ಚಿದಂತಿಲ್ಲ. ಕಾಲು ಮಡಚಿಕೊಂಡು ಮಲಗಿದಲ್ಲೇ ಸತ್ತಿದ್ದಾಳೆ. ಹಲ್ಲು ಸವೆದು ಒಸಡಿನ ಮಟ್ಟಕ್ಕೆ ಬಂದಿವೆ. ಎಡಗೊಂಬು ಅರ್ಧಕ್ಕೆ ಮುರಿದಿದೆ.

ಮೊದಲು ನನಗೆ ಸಮಾಧಾನವಾಯಿತು. ಸುಳ್ಳು ಯಾಕೆ ಬರೆಯಲಿ, ಸಮಾಧಾನವೇ ಆಯಿತು. ಪುಸ್ತಕ ಮುಗಿಯಿತು, ಇನ್ನಾದರೂ ಮುಗಿಯಿತು ಎಂದು. ಆಮೇಲೆ ಅವಳ ಪಕ್ಕದಲ್ಲೇ ಕುಳಿತು ಅತ್ತೆ. ಇಷ್ಟು ದೂರದಲ್ಲಿ, ಯಾರೂ ಇಲ್ಲದ ಕಡೆ, ನೀರು ನೂರು ಹೆಜ್ಜೆಯಲ್ಲಿರುವಾಗ ಒಬ್ಬಳೇ ಮಲಗಿಬಿಟ್ಟಿದ್ದಾಳಲ್ಲ ಎನ್ನಿಸಿತು. ಕುರಿಗಾಗಿ ಅತ್ತೆನೋ ಇನ್ಯಾರಿಗಾಗಿಯೋ ಗೊತ್ತಿಲ್ಲ.

ಮೇಲೆ ಬಂದಾಗ ಅವನು ಅದೇ ಭಂಗಿಯಲ್ಲಿದ್ದ. "ಯಾಕಿಷ್ಟು ಹೊತ್ತು?" ಎಂದು ಸಹ ಕೇಳಲಿಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಅವನ ಕುತ್ತಿಗೆಯ ಹಿಂಬದಿ ಬಿಸಿಲಿಗೆ ಸುಟ್ಟು ಕೆಂಪಾಗಿತ್ತು, ನರ ಎದ್ದಿದ್ದವು, ಹತ್ತು ಗಂಟೆಯಿಂದ ಅವನು ಕತ್ತು ಹೊರಳಿಸಿರಲಿಲ್ಲ. ನನ್ನ ಒದ್ದೆ ಟವೆಲ್ಲನ್ನು ಅಲ್ಲಿ ಹಾಕಿದೆ. ಹೇಳಲಾಗಲಿಲ್ಲ. ನಾಳೆ ಮಧ್ಯಾಹ್ನಕ್ಕೆ ಎಣಿಕೆ ಮುಗಿಯುತ್ತದೆ, ಇಳಿಯುವ ದಾರಿಯಲ್ಲಿ ಹೇಳಿದರಾಯಿತು. ಬ್ರಾಲಿಯ ವಿಷಯವನ್ನೂ ಆಗಲೇ.

ಸಂಜೆ ತಾಳೆ ಸರಿಹೋಯಿತು. ಪುಲ್ಗಾನನ್ನು ಇವತ್ತೂ ಒಪ್ಪಲಿಲ್ಲ, ಆಗ ಅವನು ಮೇಲಿನ ಬಂಡೆ ನೋಡುತ್ತಿದ್ದನಂತೆ.

ಜುಲೈ 6, ಭಾನುವಾರ. ಬೆಳಿಗ್ಗೆ

ಅವನು ನೀರು ತುಂಬಲು ಹೋಗಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ.

ಆರೂವರೆಗೆ ದೂರದ ಬೆಟ್ಟದ ಏಣಿನ ಮೇಲೆ ಆರು ಹೆಣ್ಣು. ನೀರಿಗೆ ಇಳಿಯಲಿಲ್ಲ, ಸಾಲಾಗಿ ದಾಟಿ ಹೋದವು. ವೆಂಡೆಲ್ ದುರ್ಬೀನಿನಲ್ಲಿ ನೋಡಿದ, ಬಹಳ ಹೊತ್ತು ನೋಡಿದ. ಆಮೇಲೆ ಹಾಳೆ ಎಳೆದುಕೊಂಡು ಬರೆದ. ಏಳು. ಏಳನೆಯದರ ಮುಂದೆ ಮಿಸೆಸ್ ಪ್ರೂಯಿಟ್, ಎಡಗೊಂಬು.

ನಾನು ನನ್ನ ದುರ್ಬೀನಿನಲ್ಲಿ ಮೂರು ಸಲ ಎಣಿಸಿದ್ದೇನೆ. ಆರೇ. ಆರಕ್ಕೂ ಎರಡೆರಡು ಪೂರ್ತಿ ಕೊಂಬು. ಬಿಸಿಲಿನ ಝಳಕ್ಕೆ ಕಣ್ಣು ಮೋಸ ಹೋಗಿರಬಹುದೇ? ಆರೂವರೆಗೆ ಎಲ್ಲಿಯ ಝಳ.

ಅವನು ಬರೆಯುವಾಗ ಕೈ ತಡೆದದ್ದನ್ನು ನಾನು ನೋಡಿದೆ.

ಮಧ್ಯಾಹ್ನ

ಎಣಿಕೆ ಮುಗಿದ ಮೇಲೆ ಗಂಟುಮೂಟೆ ಕಟ್ಟುವ ಮೊದಲು ದೊಡ್ಡ ಹಾಳೆಯನ್ನು ನನ್ನ ಮುಂದೆ ಇಟ್ಟ. ಮಿಸೆಸ್ ಪ್ರೂಯಿಟ್ ಹೆಸರಿನ ಮುಂದೆ ಒಂದು ಸಹಿ ಇತ್ತು, ಇನ್ನೊಂದರ ಜಾಗ ಖಾಲಿ.

"ಸಹಿ ಹಾಕು."

"ನಾನು ನೋಡ್ಲಿಲ್ಲ."

"ದೂರ ಇತ್ತು. ನಿನ್ನ ಸಣ್ಣ ದುರ್ಬೀನಿಗೆ ಸಿಕ್ಕಿರಲ್ಲ."

ಎರಡು ದಿನ ಪುಲ್ಗಾನನ್ನು ಇಲ್ಲವೆಂದವನು, ಈಗ ಇಲ್ಲದವಳಿಗೆ ನನ್ನ ಸಹಿ ಕೇಳುತ್ತಿದ್ದಾನೆ. ನನಗೆ ಸಿಟ್ಟು ನೆತ್ತಿಗೇರಿತು. ಸಹಿ ಹಾಕಿದರೆ ನನ್ನ ಗಂಟೇನು ಹೋಗುತ್ತದೆ, ಬುಧವಾರ ಹೇಗೂ ಹೊರಡುವವಳು, ಎಂದೂ ಅನ್ನಿಸಿತು. ಆದರೆ ಅವಳು ಅಲ್ಲಿ ಕೊರಕಲಿನಲ್ಲಿ ಮಲಗಿದ್ದಾಳಲ್ಲ. ಸತ್ತವಳನ್ನು ನಡೆಯುತ್ತಿದ್ದಾಳೆಂದು ಹೇಗೆ ಬರೆಯುವುದು? ಮುಂದಿನ ವರ್ಷ ಇಲ್ಲಿ ಎಷ್ಟು ಕುರಿ ಉಳಿದಿವೆಯೆಂದು ಈ ಹಾಳೆ ನೋಡಿಯೇ ತಾನೇ ತಿಳಿಯುವುದು.

"ಬಾ, ತೋರಿಸ್ತೀನಿ," ಎಂದೆ.

ಕೊರಕಲಿಗೆ ಇಳಿಯುವಾಗ ಮೊದಲ ಸಲ ನಾನು ಮುಂದೆ, ಅವನು ಹಿಂದೆ. ಬಂಡೆಯ ಕೆಳಗೆ ನೋಡಿದವನು ಮಂಡಿಯೂರಿ ಕುಳಿತ. ಮುರಿದ ಕೊಂಬಿನ ತುದಿಯನ್ನು ಹೆಬ್ಬೆರಳಿನಿಂದ ಸವರಿದ. ಟೋಪಿ ತೆಗೆದ. ಯಾವಾಗ ನೋಡಿದೆ ಎಂದು ಕೇಳಿದ, ನಿನ್ನೆ ಎಂದೆ. ಹೇಳಲಿಲ್ಲವಲ್ಲ ಎಂದ. ನೀನು ಊಟ ಬಿಟ್ಟು ಅವಳಿಗಾಗಿ ಕಾಯುತ್ತಿದ್ದೆ, ಹೇಗೆ ಹೇಳಲಿ ಎಂದೆ. 

"ಇವಳೂ ಹೋದಳು ಅಂದ್ರೆ ಈ ಬೆಟ್ಟದಲ್ಲಿ ನನಗೆ ಇನ್ಯಾರಿದಾರೆ, ಒಫೀಲಿಯಾ?"

"ನಾನಿದ್ದೆನಲ್ಲ," ಎಂದೆ. "ಮೂರು ಬೇಸಿಗೆ ನಿನ್ನ ಪಕ್ಕದ ಕುರ್ಚೀಲೇ ಕೂತಿದ್ದೆನಲ್ಲ, ವೆಂಡೆಲ್."

 ಉತ್ತರಕ್ಕೆ ಕಾಯಲಿಲ್ಲ. ಸಹಿ ಹಾಕುವುದಿಲ್ಲ, ನಾನಾಗಿ ಯಾರಿಗೂ ಹೇಳುವುದೂ ಇಲ್ಲ, ಹಾಳೆ ನಿನ್ನದು, ಏನು ಬೇಕೋ ಮಾಡಿಕೋ ಎಂದು ಹೇಳಿ ಮೇಲೆ ಬಂದೆ. ಅರ್ಧ ಗಂಟೆಯ ನಂತರ ಅವನೂ ಬಂದ. ಹಾಳೆ ನೋಡಿದೆ. ಆ ಸಾಲು ಹಾಗೆಯೇ ಇತ್ತು. ಮಡಚಿ ಜೇಬಿಗಿಟ್ಟುಕೊಂಡ. ಸರಿ. ಅವನ ಲೊರೀನ್ ಅವನಿಗೆ, ನನ್ನ ಅಮ್ಮನ ಮನೆ ನನಗೆ. ಇಳಿಯಲು ಶುರು ಮಾಡುತ್ತೇವೆ.

ಜುಲೈ 7, ಸೋಮವಾರ. ಹೋಲ್ಟ್‌ವಿಲ್

ನಿನ್ನೆಯದನ್ನು ನಿಧಾನವಾಗಿ ಬರೆಯುತ್ತೇನೆ.

ನಾಲ್ಕು ಗಂಟೆಗೆ ಕಚೇರಿ ಮುಂದಿನ ಚಪ್ಪರದ ಕೆಳಗೆ ಎಲ್ಲ ತಂಡಗಳೂ ಬಂದು ಸೇರಿದ್ದವು. ಪ್ರತಿ ವರ್ಷದಂತೆ ಎಲ್ಲರೂ ಮನೆಯಿಂದ ತಂದು ಕಚೇರಿಯ ಫ್ರಿಜ್ಜಿನಲ್ಲಿಟ್ಟಿದ್ದ ಅಡುಗೆ, ಮಂಜುಗಡ್ಡೆಯಲ್ಲಿಟ್ಟ ಕಲ್ಲಂಗಡಿ. ಮೂರು ದಿನ ಮಾತಾಡದಿದ್ದ ಜನ ಒಟ್ಟಿಗೆ ಬಾಯಿ ಬಿಟ್ಟಿದ್ದರು. ಗ್ವೆನ್ ನನ್ನ ಪಕ್ಕದಲ್ಲಿ ಕುಳಿತು ಪಾದ್ರಿದೊಣೆ ಹೇಗಿತ್ತು ಎಂದು ಕೇಳಿದಳು. ಹರಿದ ಕಿವಿಯವಳ ಗುಂಪು ಯಾವ ಕಡೆಯಿಂದ ಇಳಿಯುತ್ತದೆ, ಬಿಳಿಮಂಡಿಯವಳ ಕುಂಟು ಯಾವ ಕಾಲು, ಹೊರಬಾಗಿದ ಕೊಂಬಿನ ಹೊಸಬಳು, ನೀರಿಗೆ ಹೆದರುವ ಪುಲ್ಗಾ, ಎಲ್ಲ ಹೇಳಿದೆ. ತಟ್ಟೆಯಲ್ಲಿದ್ದ ಬೀನ್ಸ್ ಮೇಲೆ ಕೆನೆ ಕಟ್ಟಿತು. ಇದನ್ನೆಲ್ಲ ಬರೆದಿಟ್ಟಿದ್ದೀಯಾ ಎಂದು ಕೇಳಿದಳು. ಬರೆದಿದ್ದೇನೆ ಎಂದೆ. ಈ ದಿನಚರಿಯನ್ನು ಅವಳಿಗೆ ತೋರಿಸಲಾಗುತ್ತದೆಯೇ, ಕುರಿಗಳ ಭಾಗ ಮಾತ್ರ ಬೇರೆ ಬರೆದುಕೊಡುತ್ತೇನೆಂದೆ.

ಆಮೇಲೆ ಅವಳು ಎದ್ದುನಿಂತು ಒಂದೊಂದೇ ಜಾಗದ ಲೆಕ್ಕ ಓದಿದಳು. ಪಾದ್ರಿದೊಣೆಯ ಸರದಿ ಬಂದಾಗ, ಒಂದೇ ಸಹಿ ಇದ್ದ ಆ ಸಾಲನ್ನೂ ಓದಿ, ಮಿಸೆಸ್ ಪ್ರೂಯಿಟ್ ಇನ್ನೂ ಇದ್ದಾಳಾ ಗಟ್ಟಿಗಿತ್ತಿ ಎಂದು ನಕ್ಕಳು. ಹಳಬರೆಲ್ಲ ನಕ್ಕರು. ಲೊರೀನ್ ಎಲ್ಲರಿಗೂ ಗೊತ್ತಿದ್ದವಳು.

ವೆಂಡೆಲ್ ಕೈಯಲ್ಲಿ ಕಾಗದದ ತಟ್ಟೆ ಹಿಡಿದು ಹಿಂದೆ ನಿಂತಿದ್ದ.

"ಅದನ್ನ ಹೊಡೆದು ಹಾಕು, ಗ್ವೆನ್," ಎಂದ. "ಅವಳು ಸತ್ತಿದ್ದಾಳೆ. ಕೊರಕಲಲ್ಲಿ ಬಿದ್ದಿದ್ದಾಳೆ. ನನ್ನ ಹೆಂಡತಿ ನೋಡಿದ್ದು."

ನನ್ನ ಹೆಂಡತಿ ಎಂದಾಗ ನಾಲ್ಕೈದು ಜನ ತಿರುಗಿ ನನ್ನ ಕಡೆ ನೋಡಿದರು. ನಾನು ಕಲ್ಲಂಗಡಿ ಹೋಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಇದ್ದೆ.

ಗ್ವೆನ್ ಒಳ್ಳೆಯ ಹೆಂಗಸು. ಅವನಿಗೆ ಒಂದು ಬಾಗಿಲು ತೆರೆದು ಕೊಟ್ಟಳು. ದೂರದಲ್ಲಿ ಬೇರೆ ಕುರಿಯನ್ನು ನೋಡಿ ಅವಳೆಂದುಕೊಂಡೆಯೇನೋ, ಯಾರಿಗಾದರೂ ಆಗುತ್ತದೆ ಎಂದಳು. ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು.

"ಇಲ್ಲ," ಎಂದ ವೆಂಡೆಲ್. "ಆರು ಇದ್ವು. ಆರೇ ಅಂತ ಗೊತ್ತಿದ್ದೇ ಏಳು ಬರೆದೆ."

 ಗ್ವೆನ್ ಪೆನ್ಸಿಲು ತೆಗೆದು ಆ ಸಾಲನ್ನು ಹೊಡೆದಳು. ನಿಯಮ ನಿನಗೆ ಗೊತ್ತಿದೆಯಲ್ಲ ಎಂದು ಮೆಲ್ಲಗೆ ಹೇಳಿದಳು. ಗೊತ್ತಿಲ್ಲದೇನು, ಹೋದ ವರ್ಷ ನಾನೇ ಅಲ್ಲವಾ ಕೂಗ್ಯಾಡಿದ್ದು ಎಂದ. ತಟ್ಟೆಯನ್ನು ಕಸದ ಡಬ್ಬಿಗೆ ಹಾಕಿ, ಎಲ್ಲರ ಕೈ ಕುಲುಕಿ, ಗಾಡಿಯ ಕಡೆ ನಡೆದ. ಇಪ್ಪತ್ತಾರು ಬೇಸಿಗೆ ಅಲ್ಲಿಗೆ ಮುಗಿಯಿತು. ಬೆನ್ನು ನೆಟ್ಟಗೇ ಇತ್ತು. ನನಗೆ ಅಳು ಬಂತು, ಎಲ್ಲರೆದುರು ಅಳಲು ಮನಸ್ಸಾಗದೆ ಪಾತ್ರೆ ಜೋಡಿಸುತ್ತಾ ಹಿಂದೆ ಉಳಿದೆ. ಹೊರಡುವಾಗ ಗ್ವೆನ್ ಬಂದು, ನಿಯಮ ಅವನಿಗಷ್ಟೇ, ಮುಂದಿನ ವರ್ಷ ಪಾದ್ರಿದೊಣೆಗೆ ನೀನು ಬೇಕು, ಜೊತೆಗೆ ಯಾರನ್ನಾದರೂ ಕೊಡುತ್ತೇನೆ ಎಂದಳು. ಯೋಚಿಸುತ್ತೇನೆ ಎಂದೆ. ಯೋಚಿಸುವುದೇನು, ಪುಲ್ಗಾ ವರ್ಷದವನಾಗಿ ಬರುವುದನ್ನು ಬೇರೆ ಯಾರು ಗುರುತು ಹಿಡಿಯುತ್ತಾರೆ?

 ಗಾಡಿ ಹತ್ತು ಮೈಲಿ ಬಂದ ಮೇಲೆ ನಾನೇ ಬಾಯಿ ಬಿಟ್ಟೆ. ಚಾವೆಸ್ ಮನೆ ಖಾಲಿ ಮಾಡುತ್ತಿದ್ದಾನೆ, ಬುಧವಾರ ಕೀಲಿ ತೆಗೆದುಕೊಳ್ಳುತ್ತೇನೆ, ನಾನು ಅಲ್ಲಿಗೆ ಹೋಗುತ್ತೇನೆ ಎಂದೆ. ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

"ಗೊತ್ತು," ಎಂದ. "ನೀನು ಅಂಗಡಿಗೆ ಹೋದಾಗ ಚಾವೆಸ್ ಫೋನ್ ಮಾಡಿದ್ದ. ಬಟ್ಟೆ ಬೇರೆ ಇಡ್ತಿದ್ದದ್ದೂ ನೋಡಿದೆ."

ಗೊತ್ತಿದ್ದೂ ಸುಮ್ಮನಿದ್ದೆಯಾ ಎಂದು ಕೇಳಿದೆ. ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ.

"ಬೆಟ್ಟದಲ್ಲಿ ಮೂರು ದಿನ ಇಬ್ಬರೇ ಇರ್ತೀವಿ, ಹೇಗಾದ್ರೂ ಮಾಡಿ ಹೋಗ್ಬೇಡ ಅಂತ ಹೇಳೋಣ ಅಂದ್ಕೊಂಡಿದ್ದೆ. ಮೂರೂ ದಿನ ಕುರಿ ನೋಡ್ತಾ ಕಳೆದುಬಿಟ್ಟೆ."

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ. ಅವನು ನನ್ನ ಕಡೆ ನೋಡಿದ. ಗಾಡಿ ಒಂದು ಪಕ್ಕಕ್ಕೆ ಎಳೆಯಿತು, ಮತ್ತೆ ನೇರ ಮಾಡಿಕೊಂಡ.

ಹೋಗುವುದು ಹೋಗುವುದೇ ಎಂದೆ. ಇರುವ ಮನೆ ಲೊರೀನ್‌ದು, ಅವಳ ಮೇಲೆ ನನಗೆ ದ್ವೇಷವಿಲ್ಲ, ಆದರೆ ಅವಳ ಪರದೆಗಳ ಹಿಂದೆ ನನಗೆ ಉಸಿರು ಕಟ್ಟುತ್ತದೆ, ಇನ್ನೊಂದು ವರ್ಷವೂ ಅಲ್ಲಿರಲಾರೆ ಎಂದೆ.  ಕೊನೆಗೆ ಇಷ್ಟು ಸೇರಿಸಿದೆ: "ಬರೋದಾದ್ರೆ ನೀನೂ ಬಾ. ಅಲ್ಲಿ ಎರಡು ಕೋಣೆ ಇದೆ."

 ಮರಳು ಮುಗಿದು ಹಸಿರು ಶುರುವಾಯಿತು. ದೊಡ್ಡ ಕಾಲುವೆಯ ಸೇತುವೆ ಬಂದಾಗ ಗಾಡಿ ನಿಲ್ಲಿಸಿದ. ನಿವೃತ್ತನಾದ ಮೇಲೂ ಅಲ್ಲಿ ನಿಲ್ಲಿಸಿ ನೀರಿನ ಮಟ್ಟ ನೋಡದೆ ಮುಂದೆ ಹೋಗುವವನಲ್ಲ. ಇಂಜಿನ್ನು ಆರಿಸಿದ. ಅವತ್ತು ನೀರಿನ ಕಡೆ ನೋಡಲಿಲ್ಲ, ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕುಳಿತಿದ್ದ. ಅರವತ್ತಾರು ವರ್ಷದ ಮುದುಕ, ತುಟಿ ಒಡೆದಿತ್ತು. ಒಂದು ದಿನದಲ್ಲಿ ಎಷ್ಟು ಬಿಟ್ಟುಕೊಡಲು ಸಾಧ್ಯ ಯಾರಿಗಾದರೂ? ಇಲ್ಲವೆನ್ನುತ್ತಾನೆ, ಎನ್ನಲಿ, ಒಬ್ಬಳೇ ಹೋಗುತ್ತೇನೆ ಎಂದು ನನ್ನಷ್ಟಕ್ಕೆ ಹೇಳಿಕೊಂಡೆ.

"ಬ್ರಾಲಿಲಿ ನಿಮ್ಮ ಅಮ್ಮನ ಮನೆ ಹಿಂದಿನ ಕಾಲುವೆಗೆ ನೀರು ಬಿಡೋದು ಯಾವ ದಿನ?" ಎಂದು ಕೇಳಿದ.

ಆ ಕಾಲುವೆಗೆ ಹದಿನಾಲ್ಕು ವರ್ಷ ಬಾಗಿಲೆತ್ತಿ ನೀರು ಬಿಟ್ಟವನು ಅವನೇ. ವಾರವನ್ನು ಗೊತ್ತುಮಾಡಿದವನೂ ಅವನೇ. ಬರುತ್ತೇನೆಂದು ಹೇಳಲು ಬಾರದೆ ಅದನ್ನೇ ನನ್ನನ್ನು ಕೇಳುತ್ತಿದ್ದ.

ಮಂಗಳವಾರ, ಎಂದೆ.